ವೈಶಾಖದ ಬಿಸಿಲೂ ಪ್ರೊಸೆಸರಿನ ವೇಗವೂ

ಹೈದರಾಬಾದಿನ ನಾಚಾರಂನ ನಮ್ಮ ಮಹಡಿಯ ಕೋಣೆಯಲ್ಲಿ, ವೈಶಾಖದ ಅಪರಾಹ್ಣ, ಫ್ಯಾನು ಎಷ್ಟು ತಿರುಗಿದರೂ ಉಷ್ಣಮಾಪಕವು 37 ಡಿಗ್ರಿಯಿಂದ ಇಳಿಯಲೊಲ್ಲದೆ ನಿಂತಿದ್ದಾಗ, ಪಕ್ಕದ ಮನೆಯ ರಾಯಚೂರಿನವರ ಮಗನು ಬಂದು, “ಕಾಕಾ, ಯಾವ ಪ್ರೊಸೆಸರ್ ತಗೊಳ್ಳಲಿ? ಓವರ್‌ಕ್ಲಾಕ್ ಮಾಡ್ಲಿಕ್ಕೆ ಬರೋದೇ ಬೇಕ್ರಿ ನನಗ” ಎಂದನು.

ಚಿಪ್ಪನ್ನು ತಯಾರಕನು ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚಾಗಿ ಓಡಿಸುವ ಅವನ ಆಸೆಯನ್ನು ಹಳಿಯುವ ಅಧಿಕಾರ ನನಗಿಲ್ಲ. 1998ರಲ್ಲಿ ಬಂದ ಇಂಟೆಲ್‌ನ ಸೆಲೆರಾನ್ 300ಎ ಎಂಬ ಅಗ್ಗದ ಚಿಪ್ಪು, ಬಸ್ಸಿನ ವೇಗವನ್ನು ಇಷ್ಟು ಪಟ್ಟೆಂದು ಹೆಚ್ಚಿಸುವ ಅದರ ಗುಣಕವನ್ನು ನಾಲ್ಕೂವರೆಗೆ ಬಿಗಿದು ಬೀಗವಿಕ್ಕಿದ್ದರೂ, ಮದರ್‌ಬೋರ್ಡಿನ ಬಸ್ಸಿನ ವೇಗವನ್ನು 66ರಿಂದ 100 ಮೆಗಾಹರ್ಟ್ಸಿಗೆ ಏರಿಸಿದೊಡನೆ 300ರಿಂದ 450ಕ್ಕೆ ನೆಗೆದು, ದುಬಾರಿ ಪೆಂಟಿಯಮ್ ಎರಡರ ಸರಿಸಮಕ್ಕೆ ನಿಲ್ಲುತ್ತಿದ್ದ ಸೋಜಿಗವನ್ನು ಕಣ್ಣಾರೆ ಕಂಡವನು ನಾನು. ತಯಾರಕನು ಎಚ್ಚರಿಕೆಗೆಂದು ಉಳಿಸಿದ್ದ ಶಕ್ತಿಯು ಅಂದು ಕೊಂಡವನ ಪಾಲಾಗುತ್ತಿದ್ದಿತು. ಆದರೆ 2008ರಲ್ಲಿ ಇಂಟೆಲ್‌ನ ಟರ್ಬೊ ಬೂಸ್ಟ್ ಬಂದಂದಿನಿಂದ, ಚಿಪ್ಪು ತನ್ನ ಶಾಖವನ್ನೂ ವಿದ್ಯುತ್ತನ್ನೂ ಕ್ಷಣಕ್ಷಣಕ್ಕೂ ಅಳೆದುಕೊಂಡು ತಾನಾಗಿಯೇ ವೇಗವನ್ನೇರಿಸಿಕೊಳ್ಳುವುದರಿಂದ, ಆ ಉಳಿಕೆಯ ಬಹುಪಾಲನ್ನು ಕಾರ್ಖಾನೆಯೇ ಮೊದಲು ಬಳಿದು ಬೆಲೆಗೆ ಸೇರಿಸಿ ಮಾರುತ್ತದೆ.

ಇನ್ನು ಲೆಕ್ಕ. ಚಿಪ್ಪು ಉಣ್ಣುವ ವಿದ್ಯುತ್ತು ವೇಗಕ್ಕೆ ಅನುಪಾತವಾಗಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತವಾಗಿಯೂ ಏರುವುದಷ್ಟೆ. ಎರಡನ್ನೂ ಶೇಕಡ 10ರಷ್ಟು ಹೆಚ್ಚಿಸಿದರೆ ಶಾಖವು ಶೇಕಡ 33ರಷ್ಟು ಬೆಳೆಯುತ್ತದೆ. ಹತ್ತರ ಲಾಭಕ್ಕೆ ಮೂವತ್ತಮೂರರ ಬಡ್ಡಿ! ಸಾಮಾನ್ಯ ಕೂಲರು, ಗಾಳಿಯದಾಗಲಿ ನೀರಿನದಾಗಲಿ, ಕೋಣೆಗಿಂತ ಚಿಪ್ಪನ್ನು ತಣ್ಣಗಾಗಿಸಲಾರದು. ಆದುದರಿಂದ ಬೆಂಗಳೂರಿನ 25 ಡಿಗ್ರಿಯ ಕೋಣೆಯಲ್ಲಿ ನಿರುಪದ್ರವಿಯಾಗಿದ್ದ ಸಾಹಸವೇ ನಮ್ಮಲ್ಲಿ ಹನ್ನೆರಡು ಡಿಗ್ರಿ ಮೇಲಿನಿಂದ ಆರಂಭವಾಗುತ್ತದೆ. ಇಲ್ಲಿಗೆ ಸಮೀಪದ ಇ.ಸಿ.ಐ.ಎಲ್. ಸಂಸ್ಥೆಯು ಟಿಡಿಸಿ-12 ಗಣಕವನ್ನು ನಿರ್ಮಿಸಿದ ಕಾಲದಲ್ಲಿ ಗಣಕಗಳಿಗೆ ತಂಪು ಕೊಠಡಿಯ ರಾಜಭೋಗವಿದ್ದಿತು. ನಮ್ಮ ಹುಡುಗನ ಗಣಕಕ್ಕೆ ಇರುವುದು ಒಂದು ಕಿಟಕಿ, ಅದೂ ಪಡುವಣಕ್ಕೆ.

ಅತಿ ವೋಲ್ಟೇಜು ಚಿಪ್ಪನ್ನು ಸವೆಸುವುದೆಂಬುದೂ ಬರಿಯ ಬೆದರಿಕೆಯಲ್ಲ: 2024ರಲ್ಲಿ ಇಂಟೆಲ್ ತನ್ನ 13 ಮತ್ತು 14ನೆಯ ಪೀಳಿಗೆಯ ಕೆಲವು ಪ್ರೊಸೆಸರುಗಳ ವಾರಂಟಿಯನ್ನು ಇದೇ ಕಾರಣಕ್ಕೆ ಎರಡು ವರ್ಷ ವಿಸ್ತರಿಸಬೇಕಾಯಿತು.

ಆದಕಾರಣ ನಾನು ಅವನಿಗೆ ಹೇಳಿದುದು ಇಷ್ಟು. ಓದು, ಪ್ರೋಗ್ರಾಮು, ಸಂಜೆಯ ಆಟ, ಇವಕ್ಕೆ ರೈಜನ್ 5 7600ರಂತಹ, 65 ವಾಟಿನ ಆರು ಕೋರುಗಳ ಪ್ರೊಸೆಸರು ಧಾರಾಳವಾಯಿತು. ಕೂಲರು ಅದರ ಡಬ್ಬಿಯಲ್ಲೇ ಬರುತ್ತದೆ. ಇಂಟೆಲ್‌ನಲ್ಲಾದರೋ, ಓವರ್‌ಕ್ಲಾಕಿನ ಆಸೆಗೆ ‘ಕೆ’ ಅಕ್ಷರದ ಚಿಪ್ಪು, ‘ಝೆಡ್’ ಚಿಪ್‌ಸೆಟ್ಟಿನ ಬೋರ್ಡು, ದೊಡ್ಡ ಕೂಲರು ಎಂದು ಮೂರು ಕಡೆ ತೆರಿಗೆ ತೆರಬೇಕು. ಆ ಹಣಕ್ಕೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡು ಬಂದರೆ ಆಟದಲ್ಲಿ ಕಾಣುವ ವ್ಯತ್ಯಾಸವೇ ಬೇರೆ. ಕೈ ತುರಿಸುವುದೇ ಆದರೆ, ವೋಲ್ಟೇಜನ್ನು ಏರಿಸುವುದಕ್ಕೆ ಬದಲಾಗಿ ಇಳಿಸಿ ನೋಡು ಎಂದೆನು. ವೇಗ ಕುಗ್ಗದೆ ಫ್ಯಾನಿನ ಸದ್ದು ಕುಗ್ಗಿದಾಗ ಆಗುವ ಸಂತೋಷ, ನನ್ನ ಮಟ್ಟಿಗೆ, 450ರ ಸಂತೋಷಕ್ಕಿಂತ ಸೂಕ್ಷ್ಮವಾದುದು.

ಹುಡುಗನ ಮುಖ ಸಪ್ಪಗಾಯಿತು. ಆದರೂ ಚೀಟಿಯಲ್ಲಿ ‘65 ವಾಟ್’ ಎಂದು ಬರೆದುಕೊಂಡು, ಶನಿವಾರ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ನನ್ನನ್ನೂ ಜತೆಗೆ ಕರೆದಿದ್ದಾನೆ, ಚೌಕಾಸಿಗೆ.