ಗುಂಯ್‌ಗುಡುವ ಗಾಲಿ

ಸಿಂಧನೂರು ದಾಟಿ ಮಸ್ಕಿ ದಾರಿ ಹಿಡಿದು, ವೇಗದ ಮುಳ್ಳು 50 ಮುಟ್ಟಿತೆಂದರೆ ಹಿಂದಿನ ಸೀಟಿನ ಕೆಳಗಿಂದ ಒಂದು ಸದ್ದು ಏಳುತ್ತಿತ್ತು. ಮೂರು ಓಣಿ ಆಚೆ ಹಿಟ್ಟಿನ ಗಿರಣಿ ನಡೆದಂಥ ಸದ್ದು. 60ಕ್ಕೆ ದನಿ ಏರಿಸುತ್ತದೆ, 40ಕ್ಕೆ ಇಳಿದರೆ ಗೊಣಗುತ್ತದೆ. ಗೇರು ನ್ಯೂಟ್ರಲ್‌ಗೆ ತಂದರೂ ನಿಲ್ಲಲಿಲ್ಲ ಅಂದಮೇಲೆ ಎಂಜಿನ್ನು ನಿರಪರಾಧಿ. ಟೈರೇ ಇರಬಹುದೆಂದು ಕಾಯ್ದೆ. ಟೈರಿನ ಸದ್ದು ಡಾಂಬರಿನ ಮೇಲೊಂದು, ಸಿಮೆಂಟಿನ ಮೇಲೊಂದು. ಇದು ಎರಡಕ್ಕೂ ಒಂದೇ ರಾಗ ಎಳೆಯಿತು. ಎಡಕ್ಕೆ ತಿರುಗುವಾಗ ಮಾತ್ರ ಜೋರಾಯಿತು. ಎಡಕ್ಕೆ ತಿರುಗಿದಾಗ ಕಾರಿನ ಭಾರವೆಲ್ಲ ಬಲಗಡೆಗೆ ವಾಲುತ್ತದೆ; ಸೋತ ಬೇರಿಂಗು ಆ ಭಾರಕ್ಕೆ ನರಳುತ್ತದೆ.

ತೀರ್ಪು ಕೊಟ್ಟ ಆ ತಿರುವು ಮಸ್ಕಿಗೆ ಹತ್ತಿರದ್ದು. 1915ರಲ್ಲಿ ಬೀಡನ್ ಎಂಬ ಎಂಜಿನಿಯರ್ ಚಿನ್ನ ಅರಸುತ್ತ ಬಂದು ಇಲ್ಲಿನ ಗುಡ್ಡದಲ್ಲಿ ಅಕ್ಷರ ಕೊರೆದ ಬಂಡೆ ಕಂಡ. ಶಾಸನಗಳ ‘ದೇವಾನಾಂಪಿಯ’ ಬೇರಾರೂ ಅಲ್ಲ, ಅಶೋಕನೇ ಎಂದು ಹೆಸರು ಹಿಡಿದು ಹೇಳಿದ್ದು ಆ ಬಂಡೆ. ಅವನು ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ನನಗೆ ಆ ಭಾಗ್ಯವಿಲ್ಲ. ಹುಡುಕಿದ್ದೂ ಸಿಕ್ಕಿದ್ದೂ ಬಲಗಡೆ ಹಿಂದಿನ ಗಾಲಿಯ ಬೇರಿಂಗೇ.

ನಮ್ಮ ಸೀಮೆಯಲ್ಲಿ ಬೇರಿಂಗು ಬೇಗ ಸಾಯುವುದಕ್ಕೆ ತಗ್ಗುಗಳನ್ನು ಬೈಯುತ್ತಾರೆ. ನನಗೆ ನೀರಿನ ಮೇಲೆ ಹೆಚ್ಚು ಅನುಮಾನ. ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಗದ್ದೆಯಿಂದ ಹೊರಬಂದ ಟ್ರ್ಯಾಕ್ಟರುಗಳು ಅರ್ಧ ಗದ್ದೆಯನ್ನು ರಸ್ತೆಗೆ ಇಳಿಸಿ ಹೋಗುತ್ತವೆ. ಆ ಎರೆಮಣ್ಣಿನ ರಾಡಿ ಗಾಲಿಯ ಸಂದಿಯಲ್ಲಿ ಒಣಗಿ ಕಲ್ಲಾಗುತ್ತದೆ. ನಾವು ವಾಟರ್ ಸರ್ವಿಸ್‌ಗೆ ಹೋಗಿ ಪೈಪಿನ ಬಾಯಿ ನೇರ ಅಲ್ಲಿಗೇ ಹಿಡಿಸುತ್ತೇವೆ. ಆ ಒತ್ತಡಕ್ಕೆ ನೀರು ಸೀಲು ದಾಟಿ ಒಳಗೆ ಹೋಗುತ್ತದೆ, ಗ್ರೀಸು ಮಜ್ಜಿಗೆಯಾಗುತ್ತದೆ, ಗುಂಡುಗಳಿಗೆ ತುಕ್ಕಿನ ಚುಕ್ಕಿ ಬೀಳುತ್ತದೆ. ಆಮೇಲೆ ಕೇಳುವುದೇ ಗಿರಣಿ ಸದ್ದು.

ನನ್ನದು ಹಳೆಯ ಮಾರುತಿ 800. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರಲ್ಲಿ ನಿಂತುಹೋದ ಈ ಕಾರನ್ನು ಮನೆಯಲ್ಲಿ ಬಿಚ್ಚಿ ಕಲಿತವರಿಗೆ ಲೆಕ್ಕವಿಲ್ಲ. ಹಿಂದಿನ ಡ್ರಮ್ಮಿನೊಳಗೆ ಎರಡು ಗುಂಡಿನ ಬೇರಿಂಗು, ನಡುವೆ ಒಂದು ಸ್ಪೇಸರ್ ಕೊಳವೆ, ಹೊರಗೆ ಕಿರೀಟದಂಥ ನಟ್ಟು, ಅದಕ್ಕೊಂದು ಸ್ಪ್ಲಿಟ್ ಪಿನ್ನು. ಸಂಸಾರ ಇಷ್ಟೇ. ಈಚಿನ ಹಲವು ಕಾರುಗಳಲ್ಲಿ ಹಬ್ಬನ್ನೇ ಇಡಿಯಾಗಿ ಬಿಚ್ಚಿ ಹೊಸದು ಕೂರಿಸುತ್ತಾರೆ. ಕೆಲಸ ಸಲೀಸು, ರುಚಿ ಕಮ್ಮಿ.

ಜಾಕಿಯ ಮಾತು ಮೊದಲು. ಎರೆಮಣ್ಣಿನ ಅಂಗಳ ಮಳೆಗಾಲದಲ್ಲಿ ಜಾಕಿಯನ್ನು ನುಂಗುತ್ತದೆ. ಅದಕ್ಕೆಂದು ಶಹಾಬಾದ್ ಫರಸಿ ಹಾಸಿಕೊಂಡವರೇ, ಅದರ ಮೇಲೆ ನೇರ ಜಾಕಿ ಕೊಡಬೇಡಿ, ತೆಳ್ಳನೆಯ ಫರಸಿ ಹಪ್ಪಳದಂತೆ ಒಡೆಯುತ್ತದೆ. ನಡುವೆ ದಪ್ಪ ಹಲಗೆ ಇರಲಿ. ಕಾರು ಎತ್ತಿದ ಮೇಲೆ ಸ್ಟ್ಯಾಂಡ್ ಕೊಡಿ, ಇಟ್ಟಿಗೆಯಲ್ಲ. ಮುಂದಿನ ಗಾಲಿಗಳಿಗೆ ಕಲ್ಲು, ಗೇರು ಒಂದರಲ್ಲಿ, ಹ್ಯಾಂಡ್‌ಬ್ರೇಕ್ ಮಾತ್ರ ಬಿಟ್ಟಿರಬೇಕು. ಇಲ್ಲವಾದರೆ ಲೈನರುಗಳು ಡ್ರಮ್ಮನ್ನು ಬಿಡುವುದಿಲ್ಲ. ನಡುವಿನ ನಟ್ಟನ್ನು ಗಾಲಿ ನೆಲದಲ್ಲಿರುವಾಗಲೇ ಸಡಿಲಿಸಿಕೊಳ್ಳಿ.

ಹಿಡಿದುಕೊಂಡ ಡ್ರಮ್ಮಿಗೆ ಸುತ್ತಿಗೆ ಎತ್ತುವವರೇ ಹೆಚ್ಚು. ಅದರ ಮುಖದ ಮೇಲೆ ಎರಡು ಮರೆ ಇರುವ ತೂತುಗಳುಂಟು. 8 ಎಂಎಂ ಬೋಲ್ಟು ಎರಡು ಹಾಕಿ, ಇದಕ್ಕೊಂದು ಸುತ್ತು ಅದಕ್ಕೊಂದು ಸುತ್ತು ತಿರುಗಿಸಿದರೆ ಡ್ರಮ್ಮು ತಾನಾಗಿ ಹೊರಗೆ ಬರುತ್ತದೆ. ಒಳಗಿನ ಧೂಳನ್ನು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಹಳೆಯ ಬೇರಿಂಗನ್ನು ಒಳಗಿನಿಂದ ಹಿತ್ತಾಳೆ ಸರಳು ಕೊಟ್ಟು, ಆ ಮಗ್ಗುಲಿಗೊಂದು ಈ ಮಗ್ಗುಲಿಗೊಂದು ಪೆಟ್ಟು ಹಾಕಿ ಹೊಡೆದು ತೆಗೆಯಬೇಕು. ತೆಗೆದದ್ದನ್ನು ಎಸೆಯುವ ಮುನ್ನ ಅದರ ಮೈಮೇಲಿನ ಸಂಖ್ಯೆ ಓದಿ. ನನಗೆ ಇದು ಜಾತಕ ಓದಿದಷ್ಟು ಖುಷಿ. 6205 ಎಂದಿದ್ದರೆ, 6 ಎಂಬುದು ಗುಂಡಿನ ಬೇರಿಂಗಿನ ಗೋತ್ರ. ಕೊನೆಯ 05ನ್ನು 5ರಿಂದ ಗುಣಿಸಿ: 25, ಅಂದರೆ ಒಳಬಾಯಿ 25 ಎಂಎಂ. 06 ಇದ್ದರೆ 30. 04ರಿಂದ ಮೇಲೆ ಈ ಲೆಕ್ಕ ತಪ್ಪುವುದಿಲ್ಲ, ಯಾವ ದೇಶದ್ದೇ ಆಗಲಿ. ಹಿಂದೆ 2ಆರ್‌ಎಸ್ ಎಂದಿದ್ದರೆ ಎರಡೂ ಕಡೆ ರಬ್ಬರ್ ಸೀಲು, ಝಡ್‌ಝಡ್ ಎಂದಿದ್ದರೆ ತಗಡು. ರಾಡಿಯ ಊರಿಗೆ ರಬ್ಬರೇ ಲೇಸು. ಅಂಗಡಿಯಲ್ಲಿ ಹಳೆಯದನ್ನೇ ಮುಂದಿಟ್ಟು ಕೇಳಿ, ಬಿಲ್ ಪಡೆಯಿರಿ. ಡೂಪ್ಲಿಕೇಟಿನ ಹಾವಳಿ ಬೀಜಕ್ಕೆ, ಔಷಧಿಗೆ ಇದ್ದಂತೆ ಇದಕ್ಕೂ ಇದೆ.

ಇನ್ನು ಕೂರಿಸುವುದು. ಹೊಸ ಬೇರಿಂಗಿನ ಹೊರಬಳೆ ಡ್ರಮ್ಮಿನಲ್ಲಿ ಬಿಗಿಯಾಗಿ ಕೂರುತ್ತದೆ. ಹಾಗಾಗಿ ಪೆಟ್ಟು ಹೊರಬಳೆಗೇ ಬೀಳಬೇಕು. ಒಳಬಳೆಗೆ ಹೊಡೆದರೆ ಆ ಪೆಟ್ಟು ಗುಂಡುಗಳ ಮೂಲಕ ಹಾಯ್ದು ಹೋಗುತ್ತದೆ, ಗುಂಡು ಓಡುವ ಹಾದಿಯಲ್ಲಿ ಕಣ್ಣಿಗೆ ಕಾಣದ ಕುಣಿ ಬೀಳುತ್ತವೆ. ಹಿಂದೊಮ್ಮೆ ಒಂದು ಗ್ಯಾರೇಜಿನಲ್ಲಿ ನನ್ನೆದುರೇ ಹುಡುಗ ನಡುವಿಗೆ ಹಾರೆಯ ತುದಿ ಇಟ್ಟು ಗುದ್ದಿದ. ಆ ಬೇರಿಂಗು ಒಂದು ದಸರಾ ಕೂಡ ಕಾಣಲಿಲ್ಲ.

ಒತ್ತುವ ಯಂತ್ರ ಮನೆಯಲ್ಲಿಲ್ಲ ಎನ್ನುತ್ತೀರಾ? ರಾಯಚೂರು ಜಿಲ್ಲೆಯಲ್ಲಿದ್ದು ಹಾಗೆನ್ನಬಾರದು, ನೆತ್ತಿಯ ಮೇಲೇ ಇದೆ. ಬೇರಿಂಗುಗಳನ್ನು ಪ್ಲಾಸ್ಟಿಕ್ ಬಿಚ್ಚದೆ ರಾತ್ರಿಯೇ ಫ್ರಿಜ್ಜಿನ ಮೇಲರೆಯಲ್ಲಿಟ್ಟೆ. ತೊಳೆದು ಒರೆಸಿದ ಡ್ರಮ್ಮನ್ನು ಮಧ್ಯಾಹ್ನ ಒಂದರಿಂದ ಮೂರರವರೆಗೆ ಬಿಸಿಲಿಗೆ ಹಾಕಿದೆ, ಹಪ್ಪಳ ಸಂಡಿಗೆಯ ಪಕ್ಕದಲ್ಲೇ. 50 ಎಂಎಂ ಬಾಯಿಯ ಬೀಡುಕಬ್ಬಿಣದ ಡ್ರಮ್ಮು 40 ಡಿಗ್ರಿ ಹೆಚ್ಚು ಕಾದರೆ ಒಂದು ಮಿಲಿಮೀಟರಿನ ನೂರರಲ್ಲಿ 2 ಪಾಲು ಹಿಗ್ಗುತ್ತದೆ. ಬೇರಿಂಗು ಅತ್ತ ಥಂಡಿಗೆ ಕುಗ್ಗಿರುತ್ತದೆ. ನಡುವೆ ಬೇಕಾದ್ದು ಇಷ್ಟೇ ಎಡೆ. ಬಟ್ಟೆಯಿಂದ ಡ್ರಮ್ಮು ಹಿಡಿದು ತಂದು, ಬೇರಿಂಗು ನೆಟ್ಟಗೆ ಇಟ್ಟು, ಅದರ ಹೊರಬಳೆಯಷ್ಟೇ ಅಗಲದ ಸಾಕೆಟ್ಟಿನ ಮೇಲೆ ಹಗುರಕ್ಕೆ ತಟ್ಟಿದೆ. ಟಣ್, ಟಣ್, ಟಣ್. ಆಮೇಲೆ ಒಮ್ಮೆಲೇ ‘ಟಕ್’. ದನಿ ಬದಲಾಯಿತೆಂದರೆ ತಳ ಮುಟ್ಟಿತು ಎಂದರ್ಥ, ಅಲ್ಲಿಗೆ ಕೈ ನಿಲ್ಲಿಸಬೇಕು. ಎರಡನೆಯದಕ್ಕೆ ಮುನ್ನ ಸ್ಪೇಸರ್ ಕೊಳವೆ ಮರೆಯದಿರಿ. ನಾನು ಒಮ್ಮೆ ಮರೆತಿದ್ದೇನೆ. ಆ ಕತೆ ಮನೆಯವರು ಬಲ್ಲರು.

ಕೊನೆಗೆ ನಟ್ಟು. ಇಲ್ಲಿ ನನಗೂ ನೆರೆಯ ಮಿಸ್ತ್ರಿಗೂ ಚರ್ಚೆ ಎದ್ದಿತು. ಅವರ ಕೈ ಟ್ರ್ಯಾಕ್ಟರಿನಲ್ಲಿ, ಟೈರ್ ಬಂಡಿಯಲ್ಲಿ ಪಳಗಿದ್ದು. “ಸರ್, ಪೂರಾ ಬಿಗೀಬ್ಯಾಡ್ರಿ. ಬಿಗದು ಕಾಲು ಸುತ್ತು ಹಿಂದಕ್ಕ ಬಿಡ್ರಿ, ಇಲ್ಲಂದ್ರ ಹಿಡಕೊಂಡುಬಿಡ್ತದ” ಎಂದರು. ಅವರ ಮಾತು ಸುಳ್ಳಲ್ಲ, ಬೇರೆ ಗಾಲಿಯದು. ಟ್ರ್ಯಾಕ್ಟರಿನ ಮುಂಗಾಲಿಯಲ್ಲಿರುವುದು ಟೇಪರ್ ಬೇರಿಂಗು, ಸಾರೋಟು ಕಟ್ಟುತ್ತಿದ್ದ ಅಮೆರಿಕದ ಹೆನ್ರಿ ಟಿಮ್ಕೆನ್ 1898ರಲ್ಲಿ ಪೇಟೆಂಟ್ ಪಡೆದ ಜಾತಿ. ಅದರ ಬಿಗಿಯನ್ನು ನಟ್ಟೇ ನಿರ್ಧರಿಸುತ್ತದೆ, ಹೆಚ್ಚಾದರೆ ಉರುಳೆಗಳು ಸುಟ್ಟುಹೋಗುತ್ತವೆ. 800ರಲ್ಲಿರುವುದು ಗುಂಡು; ವೇಲ್ಸಿನ ಫಿಲಿಪ್ ವಾನ್ 1794ರಲ್ಲಿ ಸಾರೋಟಿನ ಅಚ್ಚಿಗೆ ಕೂರಿಸಿದ ವಂಶ. ಇಲ್ಲಿ ನಟ್ಟಿನ ಬಿಗಿಯನ್ನು ಒಳಬಳೆಗಳೂ ಸ್ಪೇಸರ್ ಕೊಳವೆಯೂ ಹೊರುತ್ತವೆ, ಗುಂಡಿಗೆ ತಾಕುವುದಿಲ್ಲ. ಕೈಪಿಡಿ ಹೇಳಿದಷ್ಟು ಪೂರ್ತಿ ಬಿಗಿಯಬೇಕು. ಕಾಲು ಸುತ್ತು ಬಿಟ್ಟರೆ ಒಳಬಳೆ ಅಚ್ಚಿನ ಮೇಲೇ ಜಾರಿ ತಿರುಗಿ ಅಚ್ಚನ್ನೇ ಸವೆಸುತ್ತದೆ. ಮಿಸ್ತ್ರಿ ಸ್ಪೇಸರನ್ನು ಕೈಯಲ್ಲಿ ಹಿಡಿದು ಎರಡು ಸಲ ತಿರುಗಿಸಿ ನೋಡಿದರು. “ಹಂಗಾರ ಇದು ಬ್ಯಾರೆ ಲೆಕ್ಕ ಬಿಡ್ರಿ” ಎಂದು ಪಾನಾ ತಾವೇ ಎಳೆದರು, ನನಗಿಂತ ಚೆನ್ನಾಗಿ. ಸ್ಪ್ಲಿಟ್ ಪಿನ್ನು ಹೊಸದೇ ಹಾಕಿದೆವು. ಹಳೆಯದನ್ನು ನೆಟ್ಟಗೆ ಮಾಡಿ ಮತ್ತೆ ತೂರಿಸುವ ಜಿಪುಣರು ನನ್ನ ಪುಣ್ಯಕ್ಕೆ ಈ ಅಂಕಣ ಓದುವುದಿಲ್ಲ.

ಮರುದಿನ ಲಿಂಗಸುಗೂರಿಗೆ ಹೊರಟೆ, ರೇಡಿಯೋ ಹಾಕದೆ. 50, 60, 70. ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಮಸ್ಕಿಯಲ್ಲಿ ಚಹಾಕ್ಕೆ ನಿಲ್ಲಿಸಿ, ಬಗ್ಗಿ, ಮೊದಲು ಎಡ ಡ್ರಮ್ಮಿಗೆ, ಆಮೇಲೆ ಬಲದ್ದಕ್ಕೆ ಅಂಗೈ ಇಟ್ಟೆ. ಎರಡೂ ಒಂದೇ ಬಿಸಿ.