ವಾದ್ಯವಿಲ್ಲದ ‘ರಬ್ಬನಾ’

ಇರಾನಿನ ಶಾಸ್ತ್ರೀಯ ಸಂಗೀತದ ಮಾತು ಬಂದಾಗ ತಾರ್, ಸಂತೂರ್, ಕಮಾಂಚೆ, ನೇಯ್ ಎಂಬ ಕೊಳಲು ಎಲ್ಲವೂ ನೆನಪಾಗುತ್ತವೆ. ಆದರೆ ಮುಹಮ್ಮದ್ ರೆಝಾ ಶಜರಿಯಾನ್‌ರನ್ನು ಮನೆಮನೆಗೆ ತಲುಪಿಸಿದ 1979ರ ‘ರಬ್ಬನಾ’ದಲ್ಲಿ ಇವೊಂದೂ ಇಲ್ಲ. ಕುರ್‌ಆನಿನ ನಾಲ್ಕು ಪ್ರಾರ್ಥನೆಗಳು, ಒಂದು ಕಂಠ. ಅಷ್ಟೆ.

1940ರಲ್ಲಿ ಮಶ್‌ಹದ್‌ನಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿ ತಂದೆಯಿಂದ ಕುರ್‌ಆನ್ ಪಾರಾಯಣ ಕಲಿತರು. ತಂದೆಗೆ ಸಂಗೀತ ಒಪ್ಪಿಗೆಯಿರಲಿಲ್ಲ; ಮಗ ಆರಂಭದಲ್ಲಿ ರೇಡಿಯೊದಲ್ಲಿ ಬೇರೆ ಹೆಸರಿನಿಂದ ಹಾಡಿದರು. ತಂದೆ ಮಗನ ಆ ತಕರಾರು ‘ರಬ್ಬನಾ’ದಲ್ಲಿ ಇತ್ಯರ್ಥವಾಗಿದೆ ಎಂದೇ ನಮಗನಿಸುತ್ತದೆ. ಅರಬಿ ಪದಗಳು ಪರ್ಶಿಯನ್ ‘ದಸ್ತ್‌ಗಾಹ್’ ಪದ್ಧತಿಯ ಸ್ವರಗಳಲ್ಲಿ ಸಾಗುತ್ತವೆ. ಜೊತೆಗೆ ‘ತಹರೀರ್’: ಎದೆಯ ದನಿಗೂ ತಲೆಯ ದನಿಗೂ ನಡುವೆ ಕಂಠ ಕ್ಷಣಕ್ಷಣಕ್ಕೂ ಮುರಿದು ಕೂಡುವ ವಿದ್ಯೆ. ನಮ್ಮ ಗಮಕ ಜಾರುತ್ತದೆ, ಇದು ಬಿಕ್ಕುತ್ತದೆ. ಬೇಡುವವನ ಬಾಯಲ್ಲಿ ಬಿಕ್ಕು ಅಲಂಕಾರವೆನಿಸುವುದಿಲ್ಲ.

ದಶಕಗಳ ಕಾಲ ರಮಝಾನಿನ ಇಫ್ತಾರ್ ಹೊತ್ತಿಗೆ ಸರಕಾರಿ ರೇಡಿಯೊ, ಟಿ.ವಿ. ಇದನ್ನು ಬಿತ್ತರಿಸಿದವು. 2009ರ ಚುನಾವಣೆಯ ನಂತರ ಶಜರಿಯಾನ್ ಪ್ರತಿಭಟನಕಾರರ ಪರ ನಿಂತರು, ಬಿತ್ತರ ನಿಂತಿತು. ಆ ಟಿ.ವಿ. ವಾದ್ಯಗಳನ್ನು ತೆರೆಯ ಮೇಲೆ ತೋರಿಸಲು ಹಿಂಜರಿಯುತ್ತಾ ಬಂದಿದೆ, ಅದಿರಲಿ. ವಾದ್ಯವೇ ಇಲ್ಲದ ಈ ದುಆದಲ್ಲಿ ಅದಕ್ಕೆ ಕಂಡ ದೋಷವೇನು?

2020ರ ಅಕ್ಟೋಬರ್‌ನಲ್ಲಿ ತೀರಿಕೊಂಡ ಅವರನ್ನು ತೂಸ್‌ನಲ್ಲಿ, ಕವಿ ಫಿರ್ದೌಸಿಯ ಸಮಾಧಿಯ ಬಳಿ ದಫನ ಮಾಡಲಾಯಿತು. ನಿಷೇಧದ ವರ್ಷಗಳಲ್ಲೂ ಇಫ್ತಾರ್ ಹೊತ್ತಿಗೆ ಜನ ‘ರಬ್ಬನಾ’ವನ್ನು ತಾವೇ ಹಾಕಿಕೊಂಡು ಕೇಳುತ್ತಿದ್ದರು.