ಗಿರೀಶ ಕಾರ್ನಾಡರ ಮದರಾಸು

ಉದ್ಯೋಗನಿಮಿತ್ತ ಪರಭಾಷಾ ನಗರಗಳನ್ನು ಸೇರಿದ ಕನ್ನಡ ಸಾಹಿತಿಗಳ ವಿಷಯದಲ್ಲಿ ವಿಮರ್ಶೆಯು ಆ ನಗರವನ್ನು ಬರಿಯ ವಿಳಾಸವೆಂದು ಎಣಿಸುವುದುಂಟು. ಗಿರೀಶ ಕಾರ್ನಾಡರ ಮದರಾಸಿಗೂ, ಎಂದರೆ ಇಂದಿನ ಚೆನ್ನೈಗೂ, ಇದೇ ಗತಿಯಾಗಿದೆ. 1963ರಿಂದ 1970ರವರೆಗೆ ಅವರು ಅಲ್ಲಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ಉದ್ಯೋಗಿಗಳಾಗಿದ್ದರು. ‘ತುಘಲಕ್’ ಪ್ರಕಟವಾದುದು ಆ ನೌಕರಿಯ ಕಾಲದಲ್ಲಿಯೇ, 1964ರಲ್ಲಿ. ‘ಮದರಾಸ್ ಪ್ಲೇಯರ್ಸ್’ ಎಂಬ ಹವ್ಯಾಸಿ ನಾಟಕತಂಡದ ಒಡನಾಟವೇ ಮುಂದೆ ‘ಸಂಸ್ಕಾರ’ ಚಲನಚಿತ್ರಕ್ಕೆ ದಾರಿಯಾಯಿತು; ಬಾಳಸಂಗಾತಿಯಾದ ಡಾ. ಸರಸ್ವತಿ ಗಣಪತಿಯವರ ಪರಿಚಯವೂ ಆ ಊರಿನಲ್ಲಿಯೇ ಆಯಿತು. ತಿಂಗಳ ಸಂಬಳವು ಕಲೆಗೆ ಶತ್ರುವೆಂದು ನಂಬಿದವರು (ಅವರಲ್ಲಿ ಸಂಬಳ ಪಡೆಯುವವರೇ ಹೆಚ್ಚು) ಈ ಏಳು ವರ್ಷಗಳನ್ನು ಗಮನಿಸತಕ್ಕದ್ದು.

ನೌಕರಿ ಬಿಟ್ಟ ಮೇಲೆ ಕಾರ್ನಾಡರು ಆ ನಗರದ ಚಿತ್ರೋದ್ಯಮಕ್ಕೆ ನಟರಾಗಿ ಮರಳಿದರು. 1994ರ ತಮಿಳು ಚಿತ್ರ ‘ಕಾದಲನ್’ನಲ್ಲಿ ಅವರದು ದುಷ್ಟ ರಾಜ್ಯಪಾಲನ ಪಾತ್ರ. ತಾರುಣ್ಯವನ್ನು ಕಳೆದ ಊರಿಗೆ ವೃತ್ತಿಗಾಗಿ ಮತ್ತೆ ಬಂದವನ ಕಣ್ಣಿಗೆ ಏನು ಕಾಣುತ್ತದೆ? ವಾಚಕನು ಬಯಸುವ ಪುಟ ಅದು. ಆದರೆ 2011ರಲ್ಲಿ ಹೊರಬಂದ ಆತ್ಮಕಥೆ ‘ಆಡಾಡತಾ ಆಯುಷ್ಯ’ವು ಬಾಳಿನ ಪೂರ್ವಾರ್ಧಕ್ಕೇ ನಿಲ್ಲುತ್ತದೆ, ಉತ್ತರಭಾಗ ಬರುವ ಮೊದಲೇ, 2019ರಲ್ಲಿ, ಲೇಖಕರು ತೀರಿಕೊಂಡರು. ಗ್ರಂಥದಲ್ಲಿ ಉಳಿದಿರುವುದು ತರುಣನ ಮದರಾಸು ಮಾತ್ರ.